ನಾಲ್ಕನೇ ಗಾಜಿನ ತಪ್ಪು ಕಾಣಿಕೆ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಲೀಲಾಧರ ಶೆಟ್ಟರ ಹೊಸ ಸಭಾಭವನದ ನಾಲ್ಕನೇ ಗಾಜಿನ ಮೇಲೆ ಮೂರು ಗುರುತುಗಳು ಕಾಣಿಸಿಕೊಂಡವು. ಒಂಬತ್ತೂವರೆಗೆ ಮಾಯವಾದವು. ಅಷ್ಟು ಹೊತ್ತಿಗೆ ತಪ್ಪಿತಸ್ಥರು ಯಾರೆಂದು ತೀರ್ಮಾನ ಆಗಿತ್ತು.

ಸಾಸ್ತಾನದ ಟೋಲ್ ದಾಟಿ ಬ್ರಹ್ಮಾವರದ ಕಡೆ ಹೋಗುವಾಗ ಹೆದ್ದಾರಿಗೆ ತಾಗಿಕೊಂಡೇ ಇದೆ ಈ ಸಭಾಭವನ. ಊಟದ ಹಾಲಿಗೆ ಪೂರ್ವದಲ್ಲಿ ಗೋಡೆ ಇಲ್ಲ. ಹನ್ನೆರಡು ಗಾಜುಗಳಿವೆ. ಒಂದೊಂದೂ ಹನ್ನೊಂದು ಅಡಿ ಎತ್ತರ. ಉಣ್ಣುವವರಿಗೆ ಗದ್ದೆ ಕಾಣಬೇಕು ಎಂಬುದು ಮೂವತ್ತು ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಶೆಟ್ಟರ ಆಸೆ. ಅವರ ಸ್ವಂತ ಗದ್ದೆಗೆ ಮಣ್ಣು ತುಂಬಿಸಿ ಸಭಾಭವನ ಕಟ್ಟಿಯಾಗಿತ್ತು. ಕಾಣುವುದು ಪಕ್ಕದವರ ಗದ್ದೆ. ಉದ್ಘಾಟನೆ ಗುರುವಾರ.

ಗಾಜು ಒರೆಸಿದವರು ಇಬ್ಬರು, ಕುಸುಮ ಮತ್ತು ಚಂದ್ರಮತಿ. ಇಬ್ಬರೂ ಕುಂದಾಪುರದ ಒಂದು ಕ್ಲೀನಿಂಗ್ ಏಜೆನ್ಸಿಯ ಕೆಲಸದವರು. ಕುಸುಮಳಿಗೆ ಮೂವತ್ತೊಂದು ವರ್ಷ. ಮೊದಲ ಮೂರು ವರ್ಷ ಏಜೆನ್ಸಿ ಅವಳನ್ನು ಲಾಡ್ಜುಗಳ ಕಕ್ಕಸು ತೊಳೆಯಲು ಕಳಿಸುತ್ತಿತ್ತು. ಆಮೇಲೆ ಗಾಜಿನ ಕೆಲಸಕ್ಕೆ ಏಣಿ ಹತ್ತುವ ಧೈರ್ಯದವರು ಬೇಕಾದರು. ಕುಸುಮ ಹತ್ತಿದಳು. ಹದಿನೈದು ದಿನ ಮಂಗಳೂರಿನಲ್ಲಿ ತರಬೇತಿಯೂ ಆಯಿತು. ಅಂದಿನಿಂದ ಆರು ವರ್ಷ ಅವಳು ಏಣಿಯಿಂದ ಇಳಿದವಳಲ್ಲ.

ಹೊಸ ಕಟ್ಟಡದ ಗಾಜನ್ನು ಬರೀ ಒರೆಸಿದರೆ ಸಾಲದು, ಕೆರೆಯಬೇಕು. ಸಿಮೆಂಟಿನ ಹನಿ, ಪೇಂಟಿನ ಹನಿ, ಸಿಲಿಕೋನ್, ಸ್ಟಿಕ್ಕರಿನ ಅಂಟು. ಬ್ಲೇಡನ್ನು ಇಷ್ಟೇ ಓರೆ ಹಿಡಿಯಬೇಕು. ಕೂದಲಿನಷ್ಟು ಹೆಚ್ಚುಕಡಿಮೆಯಾದರೆ ಗೀರು. ಗೀರು ಹೋಗುವುದಿಲ್ಲ, ಕೆಲಸ ಹೋಗುತ್ತದೆ. ಏಣಿಯ ಮೇಲೆ ನಿಂತು ಕತ್ತು ಹಿಂದಕ್ಕೆ ಬಾಗಿಸಿ ಕೆರೆಯುವಾಗ ಕೊಳೆನೀರು ಮೊಣಕೈಯಿಂದ ಕಂಕುಳಿಗೆ ಇಳಿಯುತ್ತದೆ. ಬಿರಿದ ಬೆರಳಿಗೆ ವಿನೆಗರ್ ತಾಗಿದರೆ ಹಲ್ಲು ಕಚ್ಚಿಕೊಳ್ಳಬೇಕು. ಶನಿವಾರ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಇಬ್ಬರೂ ಇದನ್ನೇ ಮಾಡಿದರು. ಒಂದರಿಂದ ಆರು ಕುಸುಮಳ ಪಾಲು, ಏಳರಿಂದ ಹನ್ನೆರಡು ಚಂದ್ರಮತಿಯ ಪಾಲು. ಐದಕ್ಕೆ ಐದು ನಿಮಿಷ ಇರುವಾಗ ವಾಚ್‌ಮನ್ ಮಂಜಯ್ಯ ಕುರ್ಚಿ ಹೊತ್ತುಕೊಂಡು ಬಂದು ಎರಡನೇ ಗಾಜಿಗೆ ಹಣೆ ಹೊಡೆದುಕೊಂಡ. ಅಲ್ಲಿ ಗಾಜು ಇರುವುದೇ ಅವನಿಗೆ ಕಾಣಲಿಲ್ಲ.

“ಕ್ಯಾ ಬಾತ್ ಹೈ,” ಎಂದು ಶೆಟ್ಟರು ನಕ್ಕರು. “ಮಂಜಯ್ಯನ ಹಣೆಯೇ ಸರ್ಟಿಫಿಕೇಟ್ ಕೊಟ್ತ್.”

ಶೆಟ್ಟರ ಹೆಂಡತಿ ರಾಜೀವಿ ಸ್ಟೀಲಿನ ಲೋಟದಲ್ಲಿ ಚಾ ತಂದುಕೊಟ್ಟರು. ಅವರು ಕೆಲಸದವರ ಮನೆ ಮಕ್ಕಳ ಬಗ್ಗೆ ವಿಚಾರಿಸುವ ಒಳ್ಳೆಯ ಹೆಂಗಸು. ಅಂದೂ ವಿಚಾರಿಸಿದರು.

“ನಿಮ್ದ್ ಮನಿ ಎಲ್ಲಾಯ್ತ್?”

“ಬೈಂದೂರ್ ಬದಿ, ಅಕ್ಕಾ,” ಎಂದಳು ಕುಸುಮ.

“ಬೈಂದೂರಂಗೆ ನಮ್ಮ್ ಸಂಬಂಧಿಕರ್ ರಾಶಿ ಇದ್ರ್. ಯಾರ ಮನಿ ಹತ್ರ?”

“ಕೊರಗರ ಕಾಲನಿ.”

“ಹೌದಾ,” ಎಂದರು ರಾಜೀವಿ. ಸ್ವಲ್ಪ ಹೊತ್ತು ಗಾಜು ನೋಡಿದರು. “ಅಡ್ಡಿಲ್ಲೆ. ಲಾಯ್ಕ್ ಕೆಲ್ಸ ಮಾಡ್ತೆ.”

ಎರಡನೇ ಸಲ ಚಾ ಬಂದಾಗ ಚಂದ್ರಮತಿಗೆ ಸ್ಟೀಲಿನ ಲೋಟ ಬಂತು, ಕುಸುಮಳಿಗೆ ಕಾಗದದ ಲೋಟ.

ಅಂದರೆ ಶನಿವಾರ ಸಂಜೆ ಐದರ ತನಕ ಗಾಜಿನ ಮೇಲೆ ಗುರುತಿರಲಿಲ್ಲ. ಐದರ ಮೇಲೆ ಮನೆ ಎಲ್ಲಿ ಎಂಬ ಪ್ರಶ್ನೆ ಕೇಳಲಾಯಿತು. ಇವೆರಡಕ್ಕೂ ಸಂಬಂಧ ಇದೆ ಎಂದು ಶೆಟ್ಟರ ಮನೆಯವರಿಗೆ ಸೋಮವಾರ ಬೆಳಿಗ್ಗೆ ಹೊಳೆಯಿತು.

ಭಾನುವಾರ ಸಂಜೆ ಪರೀಕ್ಷೆಗೆಂದು ಒಂದು ಎಸಿ ಹಾಕಿ, ಉದ್ಘಾಟನೆಯ ತನಕ ಓಡಲಿ ಎಂದು ಹಾಗೇ ಬಿಟ್ಟಿದ್ದರು. ಅದರ ಗಾಳಿ ನೇರವಾಗಿ ನಾಲ್ಕನೇ ಗಾಜಿಗೆ ಬಡಿಯುತ್ತಿತ್ತು. ಬೆಳಿಗ್ಗೆ ನೋಡಿದರೆ ಆ ಒಂದು ಗಾಜಿನ ಹೊರಮೈ ಬೆವರಿತ್ತು. ಬೆವರಿನ ನಡುವೆ, ಎದೆಯ ಮಟ್ಟದಲ್ಲಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಮೂರು ಗುಂಡು ಗುರುತುಗಳು ಸಾಲಾಗಿ ಕೂತಿದ್ದವು.

ಕುಂದಾಪುರದ ಬ್ಯಾಂಕೊಂದರ ಕಿಟಕಿಗೆ ಏಣಿ ಇಟ್ಟಿದ್ದ ಕುಸುಮಳಿಗೆ ಏಜೆನ್ಸಿಯ ಸೂಪರ್‌ವೈಸರ್ ಕೀರ್ತನ್ ಫೋನು ಮಾಡಿದ.

“ಕುಸುಮ, ಶೆಟ್ರ ಗಾಜಿನ ಮೇಲೆ ನಿನ್ ಕೈ ಗುರ್ತ್ ಕೂತಿತ್ತಂಬ್ರ್.”

“ಗುರ್ತಿಗೆ ಬೆರಳ್ ಇತ್ತಾ?”

“ಬೆರಳ್ ಇಲ್ಲೆ. ಗುಂಡಗಿತ್ತ್.”

“ಹಂಗಾರೆ ನನ್ ಕೈ ಅಲ್ಲ. ನಂಗೆ ಐದ್ ಬೆರಳಿತ್ತ್.”

“ತಮಾಷಿ ಬೇಡ ಮಾರಾಯ್ತಿ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಗುರುತು ಕಂಡ ಕೂಡಲೇ ಬಟ್ಟೆ ಹಿಡಿಯಬಾರದು, ಮೊದಲು ಪ್ರಶ್ನೆ ಕೇಳಬೇಕು ಎಂದು ಅವಳಿಗೆ ಕಲಿಸಿದ್ದರು. ಗುರುತು ಒಳಗಿನದೋ ಹೊರಗಿನದೋ? ಉಗುರಿಗೆ ಸಿಗುತ್ತದೋ? ಸಿಕ್ಕರೆ ಗೀರು. ವಿನೆಗರಿಗೆ ಹೋಗುತ್ತದೋ? ಹೋದರೆ ಬೋರ್‌ವೆಲ್ ನೀರಿನ ಉಪ್ಪು. ಕೀರ್ತನ್ ಕಳಿಸಿದ ಫೋಟೋವನ್ನು ಅವಳು ಏಣಿಯ ಮೇಲೇ ನಿಂತು ದೊಡ್ಡದು ಮಾಡಿ ನೋಡಿದಳು. ಮೂರು ವೃತ್ತಗಳೂ ಒಂದೇ ಅಳತೆ. ನಡುವಿನ ಅಂತರವೂ ಒಂದೇ.

“ಒಣಗಿದ್ ಮೇಲೆ ಕಾಣ್ತಾ?” ಎಂದು ಕೇಳಿದಳು.

“ಇಲ್ಲೆ. ಈಗ ಎಂತದೂ ಇಲ್ಲೆ ಅಂಬ್ರ್.”

“ಇದ್ ಗಾಜ್ ಎತ್ತು ರಬ್ಬರ್ ಕಪ್ಪಿಂದ್.”

ಅಷ್ಟು ದೊಡ್ಡ ಗಾಜನ್ನು ಯಾರೂ ಬರಿಗೈಯಲ್ಲಿ ಎತ್ತುವುದಿಲ್ಲ. ಮೂರು ರಬ್ಬರ್ ಕಪ್ಪುಗಳಿರುವ ಹಿಡಿಕೆಯನ್ನು ಗಾಜಿಗೆ ಒತ್ತಿ ಅಂಟಿಸಿ ಎತ್ತುತ್ತಾರೆ. ರಬ್ಬರಿನ ಜಿಡ್ಡು ಗಾಜಿನಲ್ಲಿ ಉಳಿಯುತ್ತದೆ. ಅದು ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಸಾದಾ ಒರೆಸಿದರೆ ಹೋಗುವುದಿಲ್ಲ. ಗಾಜು ಬೆವರಿದಾಗ ಮಾತ್ರ ಎದ್ದು ಬರುತ್ತದೆ. ಮಂಗಳೂರಿನ ತರಬೇತಿಯಲ್ಲಿ ಇದಕ್ಕೆಂದೇ ಅರ್ಧ ದಿನ ಕೊಟ್ಟಿದ್ದರು.

ಕೀರ್ತನ್ ದನಿ ಇಳಿಸಿದ. “ಗಾಜ್ ಹಾಕಿದ್ದ್ ಯಾರ್ ಗೊತ್ತಿತ್ತಾ? ಸುಧೀರ ಶೆಟ್ರ್. ರಾಜೀವಿ ಅಕ್ಕನ ತಮ್ಮ.”

“ಹಂಗಾರೆ ಅವ್ರಿಗೆ ಹೇಳಿ.”

“ಅವ್ರಿಗೆ ಎಂತ ಹೇಳುದ್? ಶೆಟ್ರ ಪೈಕಿಯವ್ರ್ದ್ ಕೊಲ್ಲೂರಂಗೆ ಎರಡ್ ಲಾಡ್ಜ್ ಇತ್ತ್, ಬ್ರಹ್ಮಾವರದಂಗೆ ಒಂದ್ ಹೋಟ್ಲಿತ್ತ್. ಎಲ್ಲ ನಮ್ದೇ ಕೆಲ್ಸ. ನೀ ಸುಮ್ನಿರ್. ಚಂದ್ರಮತಿಯನ್ನ್ ಕಳ್ಸ್ತೆ. ಹೋಯ್ಲಿಲ್ಲ ಅಂದ್ರೆ ಕೈ ತಪ್ಪ್ ಅಂತ ಬರೀಕಾತ್ತ್.”

ಕೈ ತಪ್ಪು ಎಂದು ಒಮ್ಮೆ ಬರೆಸಿಕೊಂಡವರಿಗೆ ಏಜೆನ್ಸಿ ಮತ್ತೆ ಗಾಜಿನ ಕೆಲಸ ಕೊಡುವುದಿಲ್ಲ. ವಾಪಸು ಕಕ್ಕಸಿಗೆ ಹಾಕುತ್ತದೆ. ಕುಸುಮ ಫೋನನ್ನು ಜೇಬಿಗೆ ಹಾಕಿಕೊಂಡು ಬ್ಯಾಂಕಿನ ಕಿಟಕಿ ಮುಗಿಸಿದಳು. ಅಂದು ಮೂಲೆಗಳನ್ನು ಎರಡೆರಡು ಸಲ ಒರೆಸಿದಳು.

ಸೋಮವಾರ ಮಧ್ಯಾಹ್ನ ಚಂದ್ರಮತಿ ಒಬ್ಬಳೇ ಹೋಗಿ ನಾಲ್ಕನೇ ಗಾಜನ್ನು ಮೂರು ಸಲ ಒರೆಸಿದಳು. ಮಂಗಳವಾರ ಬೆಳಿಗ್ಗೆ ಗುರುತುಗಳು ಹಾಗೇ ಬಂದವು. ಕುಸುಮಳ ಮೇಲಿನ ಅನುಮಾನ ಇದರಿಂದ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಚಂದ್ರಮತಿಯಂಥವಳು ಒರೆಸಿದರೂ ಹೋಗದ ಗುರುತು ಸಾಮಾನ್ಯದ್ದಲ್ಲ ಎಂದು ಶೆಟ್ಟರ ಮನೆಯಲ್ಲಿ ಮಾತಾಯಿತು. ಉದ್ಘಾಟನೆಯ ಹೋಮಕ್ಕೆ ಸಾಮಾನು ಪಟ್ಟಿ ಮಾಡಲು ಬಂದಿದ್ದ ಭಟ್ಟರು ಶುದ್ಧ ಮಾಡಿಬಿಡುವ ಎಂದರು. ಹತ್ತು ಗಂಟೆಗೆ ಪಂಚಗವ್ಯ ತಯಾರಾಯಿತು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸಗಣಿ. ಮಾವಿನೆಲೆಯಲ್ಲಿ ಅದ್ದಿ ಹನ್ನೆರಡು ಗಾಜಿಗೂ ಪ್ರೋಕ್ಷಣೆ ಆಯಿತು. ಒಂದಕ್ಕೆ ಮಾತ್ರ ಮಾಡಿದರೆ ಉಳಿದ ಗಾಜುಗಳಿಗೆ ಸಂಶಯ ಬರುತ್ತದೆ ಎಂಬಂತೆ ಎಲ್ಲವಕ್ಕೂ ಸಮನಾಗಿ ಆಯಿತು. ಆಮೇಲೆ ಬೋರ್‌ವೆಲ್ಲಿನ ಉಪ್ಪುನೀರನ್ನು ಚೆಂಬಿನಲ್ಲಿ ಎರಚಿದರು.

ಪೂರ್ವದ ಬಿಸಿಲಿಗೆ ಹನಿಗಳು ಇದ್ದಲ್ಲೇ ಒಣಗಿದವು. ಬೆಳಿಗ್ಗೆ ಮೂರು ಗುರುತುಗಳಿದ್ದ ಗಾಜಿನ ಸಾಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಮಂಜಯ್ಯ ಎಣಿಸಲು ಹೊರಟವನು ಐದನೇ ಗಾಜಿಗೆ ಲೆಕ್ಕ ತಪ್ಪಿ ಬಿಟ್ಟ. ಶುದ್ಧದ ಗುರುತುಗಳಾದ್ದರಿಂದ ಅವುಗಳ ಬಗ್ಗೆ ಯಾರೂ ಏಜೆನ್ಸಿಗೆ ದೂರು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಮೂರು ವೃತ್ತಗಳು ಪಂಚಗವ್ಯದ ಕಲೆಗಳ ಮಧ್ಯದಿಂದಲೇ ಎದ್ದುಬಂದವು.

ಶೆಟ್ಟರ ಹಾಲಿಗೆ ಬೇಗ ಬರಬೇಕು ಎಂದಷ್ಟೇ ಕೀರ್ತನ್ ಹೇಳಿದ್ದ. ಗಾಜು ತೊಳೆಯಲಿಕ್ಕೆ ಎಂದು ಕುಸುಮ ತಿಳಿದಿದ್ದಳು. ಐದೂವರೆಗೆ ಮನೆ ಬಿಟ್ಟು, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಏಳೂಕಾಲಿಗೆ ಸಭಾಭವನದ ಅಂಗಳಕ್ಕೆ ಬಂದಳು. ಹೆಗಲಲ್ಲಿ ವೈಪರ್, ಕೈಯಲ್ಲಿ ಬಕೆಟ್ಟು. ಅಲ್ಲಿ ಶೆಟ್ಟರು, ರಾಜೀವಿ, ಭಟ್ಟರು, ಕೀರ್ತನ್, ಚಂದ್ರಮತಿ, ಮಂಜಯ್ಯ ಎಲ್ಲರೂ ನಿಂತಿದ್ದರು. ನಾಲ್ಕನೇ ಗಾಜಿನ ಎದುರು ಒಂದು ಸ್ಟೂಲು. ಸ್ಟೂಲಿನ ಮೇಲೆ ಹಿತ್ತಾಳೆಯ ಹರಿವಾಣ. ಅದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಒಂದು ಬೆಳ್ಳಿಯ ನಾಣ್ಯ.

ಕುಸುಮಳಿಗೆ ಗೊತ್ತಾಯಿತು. ಅದು ತಪ್ಪು ಕಾಣಿಕೆ. ತಿಳಿದೋ ತಿಳಿಯದೆಯೋ ತಪ್ಪು ಮಾಡಿದವರು ದೇವರ ಮುಂದೆ ಒಪ್ಪಿಕೊಂಡು ಇಡುವ ಕಾಣಿಕೆ.

“ಎಂತದೂ ಇಲ್ಲೆ ಹೆಣೆ,” ಎಂದರು ರಾಜೀವಿ. ದನಿ ಮೆತ್ತಗಿತ್ತು. “ತಿಳೀದೆ ತಪ್ಪಾಯ್ತ್ ಅಂದೇಳಿ ಇಲ್ಲಿಂದ್ಲೇ ಕೈ ಮುಗಿ. ಹರಿವಾಣ ಮುಟ್ಟುಕಿಲ್ಲೆ. ನಾವೇ ಕೊಲ್ಲೂರಿಗೆ ಕಳ್ಸ್ತ್. ಕಾಯಿ, ಕಾಣ್ಕಿ ಎಲ್ಲ ನಮ್ದೇ.”

“ತಪ್ಪ್ ಮಾತ್ರ ನಂದಾ, ಅಕ್ಕಾ?”

“ಹಂಗಲ್ಲ. ನಿಂಗೂ ಒಳ್ಳೇದಾತ್ತ್, ನಮ್ಗೂ ಒಳ್ಳೇದಾತ್ತ್.”

ಶೆಟ್ಟರು ಗಡಿಯಾರ ನೋಡಿಕೊಂಡರು. “ಬೇಗ ಮುಗ್ಸಿ. ಹತ್ತಕ್ಕೆ ಶಾಮಿಯಾನದವ್ರ್ ಬತ್ರ್.”

ಕುಸುಮ ಬಕೆಟ್ಟನ್ನು ಕೆಳಗಿಟ್ಟಳು. “ಶೆಟ್ರೇ, ಒಂದ್ ಸಲ ಕಾಣಿ. ಆಮೇಲೆ ಹೇಳಿ.”

ಅವಳ ಜಾಗದಲ್ಲಿ ಅಪ್ಪ ಗುಡ್ಡ ಎಂಬವನಿದ್ದರೆ ‘ಒಡ್ಯಾ’ ಎನ್ನುತ್ತಿದ್ದ, ಅದೂ ನೆಲ ನೋಡಿಕೊಂಡು. ಕುಸುಮ ಗಾಜು ನೋಡುತ್ತಿದ್ದಳು. ಚಂದ್ರಮತಿಯ ಪಾಲಿನ ಒಂಬತ್ತನೇ ಗಾಜಿಗೆ ಹೋದಳು. ಅದು ಒಣಗಿತ್ತು. ಅದನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಎದೆಯ ಮಟ್ಟಕ್ಕೆ ಬಾಗಿ, ಬಾಯಿ ತೆರೆದು, ಗಾಜಿನ ಮೇಲೆ ಉಸಿರು ಬಿಟ್ಟಳು. ಮಂಜು ಹರಡಿತು. ಮಂಜಿನಲ್ಲಿ ಒಂದು ವೃತ್ತ ಎದ್ದಿತು. ಪಕ್ಕಕ್ಕೆ ಸರಿದು ಬಿಟ್ಟಳು. ಎರಡು. ಇನ್ನೊಮ್ಮೆ. ಮೂರು.

“ಉಸ್ರ್ ಬಿಟ್ಟಳಲೆ ಗಾಜಿಗೆ,” ಎಂದರು ರಾಜೀವಿ.

ಗಾಜಿನ ಕೆಲಸದಲ್ಲಿ ಉಸಿರು ಎಂದರೆ ಪರೀಕ್ಷೆ. ಜಿಡ್ಡು ಇದೆಯೋ ಇಲ್ಲವೋ ಎಂದು ನೋಡಲು ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಆದರೆ ಅಂಗಳದಲ್ಲಿದ್ದವರು ಗುರುತು ನೋಡಲಿಲ್ಲ. ಅವಳ ಬಾಯಿ ನೋಡಿದರು. ಹಿಂದೆ ಕೊರಗರ ಎಂಜಲು ದಾರಿಗೆ ಬೀಳಬಾರದೆಂದು ಅವರ ಕುತ್ತಿಗೆಗೆ ಉಗುಳುವ ಪಾತ್ರೆ, ಅಂಡೆ, ಕಟ್ಟಿಸುತ್ತಿದ್ದರು ಎಂದು ಗುಡ್ಡ ಹೇಳುತ್ತಿದ್ದ. ಅವನ ಅಜ್ಜ ಕಟ್ಟಿಕೊಂಡವನು. ಈಗ ಅಂಡೆ ಇಲ್ಲ. ಕೊರಗರಿಗೆ ಅಂಥ ಅವಮಾನ ಮಾಡಬಾರದೆಂದು ಕಾನೂನೇ ಇದೆ. ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬಾರದು ಎಂದು ಕಾನೂನಿನಲ್ಲಿ ಬರೆದಿಲ್ಲ. ಅವರು ಸರಿದು ನಿಂತರು.

“ಇದ್ ನಾನ್ ಒರ್ಸಿದ್ ಗಾಜ್,” ಎಂದಳು ಚಂದ್ರಮತಿ ಮೆಲ್ಲಗೆ. “ಇವ್ಳ್ ಇದನ್ನ್ ಮುಟ್ಲೇ ಇಲ್ಲೆ.”

“ಬಕೆಟ್ ಒಂದೇ ಅಲ್ದಾ?” ಎಂದರು ರಾಜೀವಿ.

ಚಂದ್ರಮತಿ ಬಕೆಟ್ಟು ನೋಡಿದಳು. ಹೌದು, ಒಂದೇ.

ಕುಸುಮ ಅಂಗಳದ ಬದಿಯ ಸಾಮಾನಿನ ಶೆಡ್ಡಿಗೆ ನಡೆದಳು. ಅಲ್ಲಿ ಹದಿಮೂರನೇ ಗಾಜು ಇತ್ತು. ಒಡೆದರೆ ಬೇಕಾಗುತ್ತದೆ ಎಂದು ತರಿಸಿದ್ದು. ಕಾಗದ ಸುತ್ತಿ ಟೇಪು ಹಾಕಿದ್ದು ಹಾಗೇ ಇತ್ತು. “ಮಂಜಯ್ಯಣ್ಣ, ಇದನ್ನ್ ಯಾರಾರೂ ಬಿಚ್ಚಿರಾ?”

“ಇಲ್ಲೆ. ಬಂದಲ್ಲಿಂದ ಹೀಂಗೇ ಇತ್ತ್.”

“ನೀವೇ ಬಿಚ್ಚಿ.”

ಮಂಜಯ್ಯ ಶೆಟ್ಟರ ಮುಖ ನೋಡಿದ. ಶೆಟ್ಟರು ಬೇಡ ಅನ್ನಲಿಲ್ಲ. ಟೇಪು ಕತ್ತರಿಸಿ ಕಾಗದ ಎಳೆದ. ಕುಸುಮ ಕೈ ಹಿಂದಕ್ಕೆ ಕಟ್ಟಿಕೊಂಡು, ಬರೀ ಮುಖ ಮುಂದೆ ತಂದು, ಉಸಿರು ಬಿಟ್ಟಳು. ಮೂರು ವೃತ್ತಗಳು ಬಂದವು. ಅದೇ ಅಳತೆ, ಅದೇ ಅಂತರ.



“ಅರೆ, ಬಿಚ್ಚಿದ್ ಕೂಡ್ಲೇ ನೀನೇ ಹೋಯಿ ಉಸ್ರ್ ಬಿಟ್ಟೆ,” ಎಂದರು ಶೆಟ್ಟರು. “ಮೊದ್ಲೇ ಇತ್ತ್ ಅಂದೇಳಿ ಹ್ಯಾಂಗ್ ಗೊತ್ತಾಪುದ್?”

ಅಷ್ಟರಲ್ಲಿ ಬೈಕಿನಲ್ಲಿ ಸುಧೀರ್ ಬಂದ. ರಾಜೀವಿಯ ತಮ್ಮ, ಉಡುಪಿಯಲ್ಲಿ ಗಾಜಿನ ಅಂಗಡಿ ಇಟ್ಟವನು. ಹೆಲ್ಮೆಟ್ಟು ತೆಗೆಯುತ್ತ ಶೆಡ್ಡಿನತ್ತ ಬಂದು, ಆರುತ್ತಿದ್ದ ವೃತ್ತಗಳನ್ನು ನೋಡಿದ.

“ಓ, ಇದಾ? ಇದ್ ಲಿಫ್ಟರಿನ ಕಪ್ಪಿಂದ್ ಭಾವ. ಎಲ್ಲ ಗಾಜಿಗೂ ಬತ್ತ್. ಒಂದೆರ್ಡ್ ವರ್ಷಕ್ಕೆ ತನ್ನಿಂದ್ ತಾನೇ ಹೋತ್ತ್. ಎಂತಕ್ಕೆ ಎಲ್ರೂ ಇಲ್ಲಿ ನಿಂತಿರ್?”

ಸೋಮವಾರವೇ ಕುಸುಮ ಕೀರ್ತನನಿಗೆ ಹೇಳಿದ್ದು ಇದೇ. ಅವಳ ಬಾಯಲ್ಲಿ ಅದು ಹೊಣೆ ತಪ್ಪಿಸಿಕೊಳ್ಳುವ ಮಾತಾಗಿತ್ತು. ಸುಧೀರನ ಬಾಯಲ್ಲಿ ಮಾಹಿತಿಯಾಯಿತು.

“ಟೆಕ್ನಿಕಲ್ ಅಂಬ್ರ್,” ಎಂದು ಶೆಟ್ಟರು ಹೆಂಡತಿಗೆ ಹೇಳಿದರು. ನಿರಾಳವಾಗಿ ನಕ್ಕರು. ಕೀರ್ತನ್ ಕೂಡ ನಕ್ಕ. ಚಹಾ ಆಗಲಿ ಎಂಬ ಮಾತು ಬಂತು. ಸುಧೀರ್ ತಪ್ಪು ಒಪ್ಪಿಕೊಳ್ಳಲಿಲ್ಲ. ಯಾರೂ ಅವನನ್ನು ಕೇಳಲೂ ಇಲ್ಲ. ಕಪ್ಪಿನ ಗುರುತಿಗೆ ತಪ್ಪು ಎಂದು ಹೇಳುವ ರೂಢಿ ಇರಲಿಲ್ಲ.

ಹರಿವಾಣ ಸ್ಟೂಲಿನ ಮೇಲೆ ಹಾಗೇ ಇತ್ತು.

“ಅಕ್ಕ, ಇದನ್ನ್ ಎಂತ ಮಾಡುದ್?” ಎಂದು ಕೇಳಿದರು ಭಟ್ಟರು. “ಸಂಕಲ್ಪ ಆಯಿತ್ತ್. ತಪ್ಪು ಕಾಣಿಕೆ ಅಂತ ತೆಗೆದಿಟ್ಟದ್ದನ್ನ ಹಾಗೇ ಒಳಗೆ ಕೊಂಡೋಪಹಾಗಿಲ್ಲ.”

ರಾಜೀವಿ ಯೋಚಿಸಿದರು. ತಮ್ಮನತ್ತ ನೋಡಲಿಲ್ಲ. “ಕುಸುಮ, ನೀನೇ ಕೈ ಮುಗಿದ್ ಬಿಡ್. ಹ್ಯಾಂಗೂ ನೀ ಬಂದಾಯ್ತಲೆ.”

“ತಪ್ಪಿಲ್ಲ ಅಂದೇಳಿ ಆಯ್ತಲೆ, ಅಕ್ಕಾ.”

“ಗುರ್ತಿಂದ್ ಇಲ್ಲೆ. ಆದ್ರೆ ಈಗ ಎಲ್ರೆದುರು ಗಾಜಿಗೆ ಉಸ್ರ್ ಬಿಟ್ಟೆ ಅಲ್ದಾ? ನಾಳೆ ಇಲ್ಲಿ ಊಟ ಬಡ್ಸುಕಿತ್ತ್. ಅದ್ಕೆ ಅಂತ ಇಡ್.”

ಕೀರ್ತನ್ ಅವಳ ಹತ್ತಿರ ಬಂದ. “ಕೈ ಮುಗಿ ಮಾರಾಯ್ತಿ. ಒಂದ್ ನಿಮಿಷದ್ ಕೆಲ್ಸ. ಆಮೇಲೆ ಈ ಪಂಚಗವ್ಯ ಎಲ್ಲ ತೊಳ್ದ್ ಹೋಪ. ಇಲ್ದಿದ್ರೆ ನಾ ಬರೀದೆ ಉಪಾಯ ಇಲ್ಲೆ. ನಿಂಗೆ ಗಾಜ್ ಸಿಕ್ಕುದಿಲ್ಲೆ.”

ಕುಸುಮಳ ಕೈಗಳು ಪಕ್ಕದಲ್ಲೇ ಇದ್ದವು. ಬೆರಳಿನ ಬಿರುಕುಗಳಲ್ಲಿ ನಿನ್ನೆಯ ವಿನೆಗರ್ ಇನ್ನೂ ಉರಿಯುತ್ತಿತ್ತು. ಆರು ವರ್ಷದಲ್ಲಿ ಅವಳ ಬ್ಲೇಡಿನಿಂದ ಒಂದೂ ಗೀರು ಬಿದ್ದಿರಲಿಲ್ಲ. ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಬರೆಯುವುದಕ್ಕೆ ಏಜೆನ್ಸಿಯಲ್ಲಿ ಇದ್ದದ್ದು ತಪ್ಪಿನ ಕಾಲಂ ಮಾತ್ರ.

“ಬರಿ,” ಎಂದಳು.

“ಎಂತ?”

“ಬರಿ ಅಂದೆ. ಗಾಜಿಗೂ ಬತ್ತಿಲ್ಲೆ. ಕಕ್ಕಸಿಗೂ ಬತ್ತಿಲ್ಲೆ.”

ಏಜೆನ್ಸಿಯ ನೀಲಿ ಕೋಟನ್ನು ಬಿಚ್ಚಿ ಬಕೆಟ್ಟಿನ ಮೇಲೆ ಹಾಕಿದಳು. ಒಳಗಿನ ಹಳದಿ ಚೂಡಿದಾರದ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ರಾಜೀವಿಯ ಕಡೆ ತಿರುಗಿದಳು.

“ಗಾಜ್ ಎತ್ತಿದವ್ರಿಗೆ ಕಾಣ್ಕಿ ಇಲ್ಲೆ. ಅದ್ಕೆ ಸಗಣಿ ಎರ್ಚಿದವ್ರಿಗೆ ಕಾಣ್ಕಿ ಇಲ್ಲೆ. ಉಸ್ರ್ ಬಿಟ್ಟದ್ದಕ್ಕೆ ಕಾಣ್ಕಿ. ನಾನ್ ಉಸ್ರ್ ಬಿಡುದ್ ಇವತ್ತ್ ಶುರು ಮಾಡಿದ್ದಲ್ಲ, ಅಕ್ಕಾ. ನಿಲ್ಸುದೂ ಇಲ್ಲೆ.”

ದನಿ ಏರಿರಲಿಲ್ಲ. ಶೆಟ್ಟರು ಮಂಜಯ್ಯನತ್ತ ಕೈ ಬೀಸಿದರು, ಅವಳನ್ನು ಹೊರಗೆ ಹಾಕು ಎನ್ನುವಂತೆ. ಹೊರಗೆ ಹಾಕಬೇಕಾದರೆ ಹಿಡಿಯಬೇಕು, ಹಿಡಿಯಬೇಕಾದರೆ ಮುಟ್ಟಬೇಕು. ಮಂಜಯ್ಯ ನಿಂತಲ್ಲೇ ನಿಂತ.

ಕುಸುಮ ಗೇಟಿನ ಕಡೆಗೆ ನೇರವಾಗಿ ಹೋಗಲಿಲ್ಲ. ಗಾಜಿನ ಸಾಲಿನ ಆ ತುದಿಗೆ ಹೋದಳು. ಹನ್ನೆರಡನೇ ಗಾಜಿನ ಮೇಲೆ ಎದೆ ತುಂಬ ಎಳೆದುಕೊಂಡು ಒಂದು ಉಸಿರು ಬಿಟ್ಟಳು. ವೃತ್ತ ಎದ್ದಿತು. ಅದು ಆರುವ ಮೊದಲು ಹನ್ನೊಂದನೆಯದಕ್ಕೆ. ಆಮೇಲೆ ಹತ್ತನೆಯದಕ್ಕೆ. ಅವಸರವೇ ಕಾಣದ ನಡಿಗೆ. ನಾಲ್ಕನೆಯದು ಎಸಿಯ ತಂಪಿಗೆ ತಾನೇ ಬೆವರಿತ್ತು, ಅದಕ್ಕೆ ಉಸಿರಿನ ಅಗತ್ಯ ಇರಲಿಲ್ಲ. ಅದಕ್ಕೂ ಬಿಟ್ಟಳು. ಒಂದನೇ ಗಾಜಿನ ಹೊತ್ತಿಗೆ ಅವಳ ತಲೆ ಸ್ವಲ್ಪ ತಿರುಗುತ್ತಿತ್ತು. ಅದಕ್ಕೆ ಎರಡು ಸಲ ಬಿಟ್ಟಳು.

“ಭಟ್ರೇ,” ಎಂದರು ರಾಜೀವಿ. ಭಟ್ಟರು ಮಾವಿನೆಲೆ ತೆಗೆದುಕೊಂಡರು. ನಿನ್ನೆಯ ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಗಾಜಿನ ಹತ್ತಿರ ಹೋಗಿ ನೋಡಿದರು. ಉಸಿರಿಗೆ ಎದ್ದ ವೃತ್ತಗಳು ಆರಿಹೋಗಿದ್ದವು. ಯಾವ ಜಾಗಕ್ಕೆ ಎರಚಬೇಕೆಂದು ತಿಳಿಯದೆ ಎಲೆ ಹಿಡಿದ ಕೈ ಅರ್ಧದಲ್ಲಿ ನಿಂತಿತು.

“ಚಂದ್ರಮತಿ, ಬಟ್ಟೆ ತಕಾ,” ಎಂದ ಕೀರ್ತನ್. “ಅವ್ಳ್ ಮಾಡಿದ್ದನ್ನೆಲ್ಲ ಮೊದ್ಲ್ ಒರ್ಸ್.”

ಗೇಟು ದಾಟುತ್ತಿದ್ದ ಕುಸುಮಳಿಗೆ ಚಂದ್ರಮತಿಯ ಉತ್ತರ ಕೇಳಿಸಿತು. ಅವಳು ಗಾಜುಗಳ ಉದ್ದಕ್ಕೂ ಒಮ್ಮೆ ನಡೆದು, ಒಂದೊಂದನ್ನೂ ನೋಡಿ ಬಂದಿರಬೇಕು, ಅಷ್ಟು ತಡವಾಗಿ ಬಂತು.

“ಇಲ್ಲಿ ಕಾಂಬುದ್ ಕಪ್ಪಿಂದ್ ಮೂರ್ ಬಿಟ್ರೆ ಎಲ್ಲ ಭಟ್ರ್ ಹಾಕಿದ್ದ್, ಸರ್. ಅವ್ಳ್ದ್ ಒಂದೂ ಕಾಣ್ತಿಲ್ಲೆ. ಯಾವ್ದ್ ಒರ್ಸುದ್?”